ಹಿಂಡಲಗಾದಿಂದ ಸೊಲ್ಲಾಪುರಕ್ಕೆ ಹನ್ನೆರಡು ವರ್ಷ

1932ರಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಮೂವತ್ತಾರು ವರ್ಷ. ಧಾರವಾಡದಲ್ಲಿ ಮಾಸ್ತರಿಕೆ, ಮನೆಯಲ್ಲಿ ಹೆಂಡತಿ ಮಕ್ಕಳು, ಊರ ತುಂಬ ಗೆಳೆಯರು. ಆ ವರ್ಷ ಅವರ ಗರಿ ಕವನ ಸಂಕಲನ ಹೊರಬಂತು. ಅದರಲ್ಲಿದ್ದ ನರಬಲಿ ಎಂಬ ಪದ್ಯ ಬ್ರಿಟಿಷ್ ಸರ್ಕಾರದ ಕಣ್ಣಿಗೆ ರಾಜದ್ರೋಹವಾಗಿ ಕಂಡಿತು. ಬೆಳಗಾವಿ ಹತ್ತಿರದ ಹಿಂಡಲಗಾ ಜೈಲಿಗೆ ಕಳಿಸಿದರು. ಜೈಲಿನಿಂದ ಬಿಟ್ಟ ಮೇಲೂ ಪೂರ್ತಿ ಬಿಡಲಿಲ್ಲ, ಧಾರವಾಡದ ಸಮೀಪದ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿ ಇಟ್ಟರು. ಅಲ್ಲಿಂದ ಹೊರಬಂದ ಮನುಷ್ಯನ ಹಿಂದೆ ಜೈಲಿನ ಹೆಸರು ಇತ್ತು, ಮುಂದೆ ನೌಕರಿ ಇರಲಿಲ್ಲ. ನಡುನಡುವೆ ಅಲ್ಲಿ ಇಲ್ಲಿ ಕಲಿಸಿದರು, ಪತ್ರಿಕೆಗಳಿಗೆ ದುಡಿದರು. ಕಾಲೇಜಿನ ಹುದ್ದೆ ಎಂಬುದು ಸಿಕ್ಕಿದ್ದು 1944ರಲ್ಲಿ, ಅದೂ ಧಾರವಾಡದಲ್ಲಲ್ಲ, ಸೊಲ್ಲಾಪುರದಲ್ಲಿ.

ನಮಗೆಲ್ಲ ಗೊತ್ತಿರುವ ಬೇಂದ್ರೆ ಬೇರೆ. ಯುಗಾದಿ ದಿನ ರೇಡಿಯೊದಲ್ಲಿ ಬರುವ ಬೇಂದ್ರೆ, ಜ್ಞಾನಪೀಠದ ಬೇಂದ್ರೆ, ಕೋಟು ಟೊಪ್ಪಿಗೆ ಹಾಕಿ ಕೊಡೆ ಹಿಡಿದ ಬೇಂದ್ರೆ. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಬೇಂದ್ರೆಯ ಬಗ್ಗೆ ನಾನು ಯೋಚಿಸಿದ್ದು ಈ ವರ್ಷವೇ. ಕಾರಣ ಸರಳ. ನನಗೂ ಈಗ ಮೂವತ್ತಾರು. ಎಂ.ಟೆಕ್ ಮುಗಿಸಿ ಚೆನ್ನೈಗೆ ಬಂದು ಹನ್ನೆರಡು ವರ್ಷವಾಯಿತು. ಹಳೆ ಮಹಾಬಲಿಪುರಂ ರಸ್ತೆಯ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದೆ. ಮಾರ್ಚ್‌ನ ಒಂದು ಮಂಗಳವಾರ ಹನ್ನೊಂದು ನಿಮಿಷದ ವಿಡಿಯೊ ಕಾಲ್ ಬಂತು. ಸಂಜೆಯ ಹೊತ್ತಿಗೆ ಮೇಲ್ ತೆರೆಯಲಿಲ್ಲ, ಲ್ಯಾಪ್‌ಟಾಪ್ ಕೇಳಿದರು. ನಮ್ಮ ತಂಡದ ಹದಿನಾಲ್ಕು ಜನರಲ್ಲಿ ಒಂಬತ್ತು ಜನಕ್ಕೆ ಅದೇ ಕಾಲ್.

ಇಂಥ ಸಮಯದಲ್ಲಿ ಬಂಧುಬಳಗದವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕಥೆಗಳು ನಿಮಗೂ ಬಂದಿರುತ್ತವೆ. ಸ್ಟೀವ್ ಜಾಬ್ಸ್ 1985ರಲ್ಲಿ ತಾನೇ ಕಟ್ಟಿದ ಆ್ಯಪಲ್ ಬಿಟ್ಟು ಹೊರಬೀಳಬೇಕಾಯಿತು, ಆಮೇಲೆ ನೋಡಿ ಏನಾದ ಎಂಬ ಕಥೆ ನನಗೆ ನಾಲ್ಕು ಕಡೆಯಿಂದ ಬಂತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಜಾಬ್ಸ್ ಕೈಯಲ್ಲಿ ಆಗಲೇ ದೊಡ್ಡ ಹಣ ಇತ್ತು. ಮೇಡವಾಕ್ಕಂನಲ್ಲಿ ಬಾಡಿಗೆ ಕಟ್ಟುತ್ತ, ಊರಿನ ಸೈಟಿನ ಸಾಲದ ಕಂತು ತುಂಬುತ್ತ, ಮಗಳ ಶಾಲೆಯ ಫೀಸಿನ ಲೆಕ್ಕ ಹಾಕುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಕೊನೆಗೆ ಶ್ರೀಮಂತರಾದವರ ಕಥೆ ನನಗೆ ಬೇಕಿರಲಿಲ್ಲ. ಬಹಳ ದಿನ ಸಿಗದೇ ಇದ್ದಾಗ ಮನುಷ್ಯ ಹೇಗೆ ಇದ್ದ ಎಂಬುದು ಬೇಕಿತ್ತು. ಊರಿಂದ ತಂದಿಟ್ಟಿದ್ದ ಬೇಂದ್ರೆ ಪುಸ್ತಕಗಳು ಕಪಾಟಿನಲ್ಲಿದ್ದವು. ಸಮಯವೂ ಧಾರಾಳವಾಗಿ ಇತ್ತು.

ಬಡತನ ಅವರಿಗೆ ಹೊಸದಲ್ಲ. ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ತಂದೆ ರಾಮಚಂದ್ರ ಭಟ್ಟರು ಸಂಸ್ಕೃತ ಬಲ್ಲವರು, ಆರೋಗ್ಯ ಕೆಟ್ಟು ಬೇಗ ಹೋದರು. ಹುಡುಗನಿಗೆ ಆಗ ಹನ್ನೆರಡರ ಆಸುಪಾಸು, ನಾಲ್ಕು ಗಂಡುಮಕ್ಕಳಲ್ಲಿ ಹಿರಿಯ. ಮನೆಯ ಹೆಂಗಸರು ಖಾನಾವಳಿ ನಡೆಸಿ ಸಂಸಾರ ತೂಗಿಸಿದರು. ಪರವೂರಿನಿಂದ ಓದಲು ಬಂದವರಿಗೆ, ನೌಕರಿಗೆ ಬಂದವರಿಗೆ ಬೇಯಿಸಿ ಹಾಕಿದ ಅನ್ನದಲ್ಲಿ ಬೆಳೆದವರು ಬೇಂದ್ರೆ. ತಾಯಿಯ ಹೆಸರು ಅಂಬಿಕೆ. ಮಗ ಮುಂದೆ ಪದ್ಯಗಳಿಗೆ ಹಾಕಿದ ಅಂಬಿಕಾತನಯದತ್ತ ಎಂಬ ಸಹಿಯಲ್ಲಿ ಆ ತಾಯಿಯೇ ಮೊದಲು ಬರುತ್ತಾಳೆ. ಚಿಕ್ಕಪ್ಪನ ನೆರವಿನಿಂದ ಮೆಟ್ರಿಕ್ ಆಯಿತು, ಪುಣೆಯ ಫರ್ಗ್ಯುಸನ್ ಕಾಲೇಜು ಆಯಿತು, 1918ರಲ್ಲಿ ಬಿ.ಎ. ಆಯಿತು. ಕೂಡಲೇ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಂದಿಗೆ ಮದುವೆ, ನಮ್ಮ ರಾಣೆಬೆನ್ನೂರಿನಲ್ಲಿ. (ಊರಿನ ಹೆಮ್ಮೆಗೆ ಇಷ್ಟು ಹೇಳದಿದ್ದರೆ ನಡೆಯುವುದಿಲ್ಲ.)

ಆಮೇಲಿನ ಹತ್ತು ಹನ್ನೆರಡು ವರ್ಷ ಏರುಗಾಲ. ಇಪ್ಪತ್ತರ ದಶಕದ ಆರಂಭದಲ್ಲಿ ಗೆಳೆಯರ ಗುಂಪು ಕೂಡಿತು. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ ಇವರೆಲ್ಲ ಆ ಗುಂಪಿನವರು. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಬೇಂದ್ರೆಯವರು ಅಲ್ಲಿ ಓದಿದ ಪದ್ಯ ಹಳೆ ಮೈಸೂರಿನವರಿಗೆ ಈ ಧಾರವಾಡದ ಮಾಸ್ತರನ ಗುರುತು ಮಾಡಿಸಿತು. ಕವಿ ಎಂದು ನಾಡೆಲ್ಲ ಒಪ್ಪಿಕೊಳ್ಳುತ್ತಿದ್ದ ಹೊತ್ತಿನಲ್ಲೇ ಕಾಲ ಕೆಳಗಿನ ನೆಲ ಜಾರಿತು.

ಆ ಹೊತ್ತು ಎಂಥದು ಎಂಬುದನ್ನೂ ನೆನೆಯಬೇಕು. ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರಲ್ಲಿ. 1932ರ ಜನವರಿಯಲ್ಲಿ ಗಾಂಧೀಜಿಯನ್ನು ಮತ್ತೆ ಬಂಧಿಸಿದರು, ಚಳವಳಿಯನ್ನು ಸುಗ್ರೀವಾಜ್ಞೆಗಳಿಂದ ಬಗ್ಗುಬಡಿಯುತ್ತಿದ್ದರು. ಜಗತ್ತಿನಲ್ಲಿ ಮಹಾ ಆರ್ಥಿಕ ಕುಸಿತ, ಇಲ್ಲಿ ಬೆಳೆಗೆ ಬೆಲೆ ಇಲ್ಲ. ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಕಲಿತವರಿಗೆ ಇದ್ದ ದಾರಿಗಳು ಸರ್ಕಾರಿ ಕಚೇರಿ, ಶಾಲೆ, ವಕೀಲಿ, ಅಷ್ಟೆ. ರಾಜದ್ರೋಹದ ಹಣೆಪಟ್ಟಿ ಹೊತ್ತವನನ್ನು ಕರೆದು ಕೂರಿಸಲು ಯಾವ ಶಾಲೆಗೂ ಧೈರ್ಯ ಬೇಕು, ಅನುದಾನದ ಚಿಂತೆ ಬೇರೆ. ನಮ್ಮ ಲೇಆಫ್‌ಗೂ ಅದಕ್ಕೂ ಇರುವ ವ್ಯತ್ಯಾಸ ಇದೇ. ನನ್ನನ್ನು ತೆಗೆದದ್ದು ಒಂದು ಸ್ಪ್ರೆಡ್‌ಶೀಟ್, ಅಲ್ಲಿ ನನ್ನ ಹೆಸರಿಗಿಂತ ನನ್ನ ಸಂಬಳ ಮುಖ್ಯ. ಅವರನ್ನು ತೆಗೆದದ್ದು ಅವರೇ ಬರೆದ ಪದ್ಯ. ಯಾವುದು ಹೆಚ್ಚು ನೋಯುತ್ತದೆ? ಏನೂ ತಪ್ಪಿಲ್ಲದೆ ಹೊರಬಿದ್ದವನು ರಾತ್ರಿಯೆಲ್ಲ ತನ್ನ ತಪ್ಪು ಹುಡುಕುತ್ತಾನೆ. ಬೇಂದ್ರೆಯವರಿಗೆ ಕಾರಣವಾದರೂ ಗೊತ್ತಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಕಾರಣ ಗೊತ್ತಿದ್ದರೆ ಕಿರಾಣಿ ಅಂಗಡಿಯವನು ಉದ್ರಿ ಕೊಡುತ್ತಾನೆಯೇ?

ಹಣದ ಮಾತನ್ನೂ ಸ್ವಲ್ಪ ಆಡೋಣ. ಕೆಲಸ ಹೋದ ವಾರ ನಾನು ಮಾಡಿದ ಮೊದಲ ಕೆಲಸ ಒಂದು ಹಾಳೆಯಲ್ಲಿ ಬರುವುದು, ಹೋಗುವುದು ಬರೆದದ್ದು. ಮೂರು ತಿಂಗಳ ಸಂಬಳ ಕೊಟ್ಟಿದ್ದರು. ಐದು ವರ್ಷ ತುಂಬಿದವರಿಗೆ ವರ್ಷಕ್ಕೆ ಹದಿನೈದು ದಿನದ ಮೂಲ ವೇತನದಂತೆ ಗ್ರಾಚ್ಯುಟಿ ಬರುತ್ತದೆ, ಅದು ಬಂತು. ಪಿಎಫ್ ಮುಟ್ಟಲಿಲ್ಲ. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನಕ್ಕೇ ನಿಂತಿತು, ಆದ್ದರಿಂದ ಮನೆಗೆಂದು ಬೇರೆ ವಿಮೆ ಮಾಡಿಸಿದೆವು. ನೀವು ಇದೇ ಸ್ಥಿತಿಯಲ್ಲಿದ್ದರೆ ಉಳಿದದ್ದಕ್ಕಿಂತ ಮೊದಲು ಈ ವಿಮೆಯದನ್ನು ನೋಡಿ. ನನ್ನಾಕೆ ವೇಳಚ್ಚೇರಿಯ ಒಂದು ಶಾಲೆಯಲ್ಲಿ ಟೀಚರ್, ಆ ಸಂಬಳದಲ್ಲಿ ಬಾಡಿಗೆ, ಟ್ಯಾಂಕರ್ ನೀರು, ಹಾಲು ನಡೆಯುತ್ತವೆ. ಎಲ್ಲ ಕೂಡಿಸಿದರೆ ಹನ್ನೊಂದು ತಿಂಗಳು ದೂಡಬಹುದು ಎಂದು ಬಂತು. ಅಂಕಿ ಕಂಡ ಮೇಲೆ ಆ ರಾತ್ರಿ ನಿದ್ದೆ ಬಂತು.

ಬೇಂದ್ರೆಯವರಿಗೆ ಬರೆದಿಡಲು ಇದರಲ್ಲಿ ಯಾವುದೂ ಇರಲಿಲ್ಲ. ಭವಿಷ್ಯ ನಿಧಿಯ ಕಾಯ್ದೆ ಬಂದದ್ದು 1952ರಲ್ಲಿ, ಗ್ರಾಚ್ಯುಟಿ ಕಾಯ್ದೆ 1972ರಲ್ಲಿ. ಇದ್ದದ್ದು ಗೆಳೆಯರು. ಮಿತ್ರರ ಮನೆಗಳು, ಪತ್ರಿಕೆಯ ಕೆಲಸ, ಅಲ್ಲಿ ಇಲ್ಲಿ ಪಾಠ. ಗೆಳೆಯರ ಗುಂಪಿನ ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದರು. ಅದರ ಬೆನ್ನಿಗೆ ಬೇಂದ್ರೆ ಇದ್ದರು. ಸ್ವಂತ ಸಂಸಾರದ ಲೆಕ್ಕ ಕೂಡದ ಕಾಲದಲ್ಲಿ ಮತ್ತೊಬ್ಬರ ಪುಸ್ತಕಗಳು ಹೊರಬರುವುದಕ್ಕೆ ತಲೆ ಕೊಟ್ಟ ಮನುಷ್ಯ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ. ಕೆಲಸ ಹೋದವನಿಗೆ ಮೊದಲು ಬೇಡವಾಗುವುದು ಜನ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ದಿನಾ ಬೆಳಿಗ್ಗೆ ತಮಿಳಿನಲ್ಲಿ ಇವತ್ತೂ ರಜೆಯಾ ಎಂದು ಕೇಳುತ್ತಿದ್ದ. ಅಷ್ಟಕ್ಕೇ ನಾನು ಹಿಂದಿನ ಗೇಟಿನಿಂದ ಹೋಗುವ ಯೋಚನೆ ಮಾಡುತ್ತಿದ್ದೆ. ಧಾರವಾಡದಂಥ ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ, ಸರ್ಕಾರ ಹಿಡಿದು ಬಿಟ್ಟ ಮನುಷ್ಯ ಹಾಗೆ ಹಿಂದಿನ ಬಾಗಿಲು ಹುಡುಕಲಿಲ್ಲ.

1935ರಲ್ಲಿ ಅವರು ಎಂ.ಎ. ಮಾಡಿಕೊಂಡರು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿ.ಎ. ಆಗಿ ಹದಿನೇಳು ವರ್ಷದ ನಂತರ. ಇದಕ್ಕೆ ನಮ್ಮ ಕಡೆ ಈಗ ಅಪ್‌ಸ್ಕಿಲ್ಲಿಂಗ್ ಎಂಬ ಹೆಸರಿದೆ, ಮೂರು ತಿಂಗಳ ಕೋರ್ಸು, ಕೊನೆಗೊಂದು ಸರ್ಟಿಫಿಕೇಟು. ಅವರ ಎಂ.ಎ. ಹಾಗೆ ತಕ್ಷಣ ಫಲ ಕೊಡಲಿಲ್ಲ. ಆ ಪದವಿ ಕೈಗೆ ಬಂದ ಮೇಲೂ ಕಾಲೇಜಿನ ಹುದ್ದೆಗೆ ಒಂಬತ್ತು ವರ್ಷ ಕಾಯಬೇಕಾಯಿತು. ಆದರೆ 1944ರಲ್ಲಿ ಬಾಗಿಲು ತೆರೆದಾಗ ಒಳಗೆ ಹೋಗಲು ಆ ಪದವಿ ಇತ್ತು.

ಅದೇ ವರ್ಷಗಳಲ್ಲಿ ಬಂದ ಪುಸ್ತಕಗಳನ್ನು ಎಣಿಸಿದರೆ ಆಶ್ಚರ್ಯವಾಗುತ್ತದೆ. 1937ರಲ್ಲಿ ಸಖೀಗೀತ. 1938ರಲ್ಲಿ ಉಯ್ಯಾಲೆ, ನಾದಲೀಲೆ ಎರಡೂ. 1943ರಲ್ಲಿ ಕಾಳಿದಾಸನ ಮೇಘದೂತದ ಕನ್ನಡ. ಕನ್ನಡದ ದೊಡ್ಡ ಕವಿತೆಗಳಲ್ಲಿ ಎಷ್ಟೋ ಈ ನೆಲೆಯಿಲ್ಲದ ಕಾಲದಲ್ಲಿ ಹುಟ್ಟಿದವು. ಹಣವೆಂಬ ಕುರುಡು ದೇವತೆ ಕುಣಿಯುತ್ತ ಕಾಲಿಗೆ ಸಿಕ್ಕವರನ್ನು ತುಳಿಯುವ ಆ ಪ್ರಸಿದ್ಧ ಪದ್ಯ ನಿಮಗೆ ನೆನಪಿರಬಹುದು. ಕಾಲೇಜಿನಲ್ಲಿ ಅದನ್ನು ಕುಣಿದು ಹಾಡಿದ್ದೆವು, ಲಯ ಹಾಗಿದೆ. ಈಗ ಓದುವಾಗ ಕುಣಿಯಬೇಕೆನಿಸಲಿಲ್ಲ. ತುಳಿಸಿಕೊಂಡವರ ಜಾಗದಿಂದ ಬರೆದ ಪದ್ಯ ಅದು.

ಇಲ್ಲಿ ಒಂದು ಮಾತನ್ನು ಒಪ್ಪಲು ನನಗೆ ಆಗುವುದಿಲ್ಲ. ಕಷ್ಟ ಬಂದದ್ದರಿಂದಲೇ ಇಂಥ ಕಾವ್ಯ ಬಂತು ಎಂದು ಸಭೆಗಳಲ್ಲಿ ಹೇಳುತ್ತಾರೆ, ಬೆಂದದ್ದರಿಂದ ಬೇಂದ್ರೆಯಾದರು ಎಂದು ಪದ ಕಟ್ಟಿ ಚಪ್ಪಾಳೆ ಗಿಟ್ಟಿಸುತ್ತಾರೆ. ಬೆಂದವರು ಅವರೊಬ್ಬರೇ ಅಲ್ಲ. ಬೇಂದ್ರೆ ದಂಪತಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರು: ಪಾಂಡುರಂಗ, ವಾಮನ, ಮಂಗಲಾ. ಆರು ಮಕ್ಕಳನ್ನು ಲಕ್ಷ್ಮೀಬಾಯಿ ಹೆತ್ತು ಕಳೆದುಕೊಂಡರು. ಗಂಡನಿಗೆ ಸಂಬಳ ಇದ್ದಿದ್ದರೆ ಅವರಲ್ಲಿ ಯಾರಾದರೂ ಉಳಿಯುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು. ಆಂಟಿಬಯೋಟಿಕ್ ಇಲ್ಲದ ಕಾಲ, ಉಳ್ಳವರ ಮನೆಯಲ್ಲೂ ತೊಟ್ಟಿಲು ಬರಿದಾಗುತ್ತಿತ್ತು. ಆದರೂ ಆ ಪ್ರಶ್ನೆ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದೆಯೇ ಓಡಾಡಿರಬೇಕು. ಸತ್ತ ಮಗುವಿನ ಮುಂದೆ ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ಪದ್ಯವನ್ನು ಅವರು ಬರೆದಿದ್ದಾರೆ. ಕನ್ನಡ ಓದಿದವರಲ್ಲಿ ಅದು ಗೊತ್ತಿಲ್ಲದವರು ಕಡಿಮೆ. ನಾನು ಅದನ್ನು ಹೈಸ್ಕೂಲಿನಿಂದ ಕೇಳುತ್ತಿದ್ದೇನೆ. ಭಾವಗೀತೆಯಾಗಿ, ಹಾರ್ಮೋನಿಯಂ ತಬಲಾದೊಂದಿಗೆ. ಅದರಲ್ಲಿ ಬರುವುದು ಸಮಾಧಾನವಲ್ಲ. ಹೇಳಲು ಏನೂ ಉಳಿಯದ ಗಂಡಸು, ನೋಡುವುದನ್ನಷ್ಟೇ ಬಿಟ್ಟು ಬೇರೇನೂ ಮಾಡದ ಹೆಂಗಸು, ಅಷ್ಟೇ.

ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆದಿಲ್ಲ, ಹೋಲಿಸುವುದೂ ತಪ್ಪು. ಆದರೆ ನೋಟ ಎಂಬುದು ಏನೆಂದು ತಿಳಿಯಿತು. ಕೆಲಸ ಹೋದ ದಿನ ಸಂಜೆಯೇ ನನ್ನಾಕೆಗೆ ಹೇಳಿದೆ. ಆಕೆ ಅಳಲಿಲ್ಲ, ಕಾಫಿ ಮಾಡಿದಳು, ನಾಲ್ಕು ಪ್ರಶ್ನೆ ಕೇಳಿದಳು. ಆಮೇಲಿನ ವಾರಗಳಲ್ಲಿ ಅವಳು ಶಾಲೆಯಿಂದ ಬಂದು ಬ್ಯಾಗು ಇಳಿಸುವಾಗ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ಕರೆ ಬಂತಾ ಎಂದು ಕೇಳುತ್ತಿರಲಿಲ್ಲ. ಕೇಳಿದ್ದರೆ ಉತ್ತರ ಹೇಳಬಹುದಿತ್ತು. ಒಂದು ರಾತ್ರಿ ಸಖೀಗೀತದ ವಿಷಯ ಹೇಳಿದೆ. ಕವಿ ತನ್ನ ದಾಂಪತ್ಯವನ್ನೇ ನೀಳ್ಗವಿತೆಯಾಗಿ ಬರೆದ, ಹೆಂಡತಿಯನ್ನು ಸಖಿ ಎಂದು ಕರೆದು ಎಲ್ಲ ಸುಖದುಃಖವನ್ನೂ ಅವಳ ಮುಂದಿಟ್ಟ ಎಂದೆ. ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹೆಂಡತಿ ಅದನ್ನು ಓದಿ ಏನೆಂದಳು ಎಂದು ಕೇಳಿದಳು. ಆ ರಾತ್ರಿ ನಾವು ಬಹಳ ಹೊತ್ತು ಮಾತಾಡಿದೆವು, ಹಣದ ಬಗ್ಗೆಯೂ, ಅವಳ ಸುಸ್ತಿನ ಬಗ್ಗೆಯೂ.

ಮಾಸ್ತಿಯವರ ಹೆಸರು ಮೇಲೆ ಬಂತು. ಅವರ ಮಾತಿಲ್ಲದೆ ಈ ಕಥೆ ಪೂರ್ಣವಾಗುವುದಿಲ್ಲ, ಚೆನ್ನೈನಲ್ಲಿ ಕೂತು ಬರೆಯುವವನಿಗಂತೂ ಸಾಧ್ಯವೇ ಇಲ್ಲ. ಮರೀನಾ ಎದುರಿನ ಕಾಮರಾಜರ್ ರಸ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡ ನೋಡಿದ್ದೀರಲ್ಲ, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ. ಓದಿದ್ದು ಅಲ್ಲಿ, 1914ರಲ್ಲಿ ಮುಗಿಸಿದರು. ಮೈಸೂರು ಸಿವಿಲ್ ಸರ್ವಿಸ್ ಸೇರಿ ಮೇಲೇರಿದರು. ನಲವತ್ತರ ದಶಕದಲ್ಲಿ ತಮಗೆ ಬರಬೇಕಾದ ಮಂತ್ರಿ ಸಮಾನ ಹುದ್ದೆ ತಮಗಿಂತ ಕಿರಿಯರಿಗೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಐವತ್ತು ದಾಟಿದ ಮೇಲೆ. ಬಂದವರು 1944ರಿಂದ ಜೀವನ ಪತ್ರಿಕೆಯನ್ನು ಕೈಗೆತ್ತಿಕೊಂಡು 1965ರವರೆಗೆ ನಡೆಸಿದರು. ಒಬ್ಬರು ದೊಡ್ಡ ಹುದ್ದೆ ಬಿಟ್ಟು ಪತ್ರಿಕೆಗೆ ಕೂತರು, ಅದೇ ಸುಮಾರಿಗೆ ಅವರನ್ನು ಅಣ್ಣನೆಂದು ಕಂಡ ಇನ್ನೊಬ್ಬರು ಹನ್ನೆರಡು ವರ್ಷದ ಅಲೆದಾಟ ಮುಗಿಸಿ ಹುದ್ದೆಗೆ ಸೇರಿದರು. ಮಾಸ್ತಿಯವರದು ತಾವಾಗಿ ಬಿಟ್ಟದ್ದು, ಬೆನ್ನಿಗೆ ಸರ್ಕಾರಿ ಸೇವೆಯ ಗಳಿಕೆ ಇತ್ತು. ಇಬ್ಬರದೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಮರೀನಾದಲ್ಲಿ ಸಂಜೆ ನಡೆಯುವಾಗ ಆ ಕಟ್ಟಡದ ಮುಂದೆ ನನ್ನ ಕಾಲು ಈಗ ಸ್ವಲ್ಪ ನಿಧಾನವಾಗುತ್ತದೆ.

1943ರಲ್ಲಿ ಶಿವಮೊಗ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆಯವರೇ ಅಧ್ಯಕ್ಷರು. ಕನ್ನಡಿಗರು ಒಬ್ಬ ಲೇಖಕನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದು. ಕಾಲೇಜಿನ ಹುದ್ದೆ ಸಿಕ್ಕಿದ್ದು ಮರುವರ್ಷ. ಮೆರವಣಿಗೆಯಲ್ಲಿ ಹಾರ ಹಾಕಿಸಿಕೊಂಡವರು ಮನೆಗೆ ಮರಳಿ ತಿಂಗಳ ಖರ್ಚಿನ ಲೆಕ್ಕಕ್ಕೆ ಕೂರಬೇಕು. ಹೊಗಳಿಕೆ ಬೇರೆ, ಸಂಬಳ ಬೇರೆ ಎಂಬುದು ನಮ್ಮ ಲಿಂಕ್ಡ್‌ಇನ್ ಕಾಲದ ಶೋಧವಲ್ಲ.

ಆಮೇಲೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಕರೆಯಿತು, ಕನ್ನಡ ಪ್ರಾಧ್ಯಾಪಕರಾಗಿ. ಆಗ ಅವರಿಗೆ ನಲವತ್ತೆಂಟು. ಧಾರವಾಡದ ಸಾಧನಕೇರಿಯ ಮಳೆಯನ್ನೂ ಕೆರೆಯನ್ನೂ ಬಿಟ್ಟು ಒಣಬಿಸಿಲಿನ, ಹತ್ತಿಗಿರಣಿಗಳ ಊರಿಗೆ ಹೊರಟರು. ಧಾರವಾಡವನ್ನು ಇಷ್ಟು ಹಾಡಿದ ಕವಿ ಇನ್ನೊಬ್ಬನಿಲ್ಲ, ಆದರೂ ಹೊರಟರು. ಇಲ್ಲಿ ಒಂದು ತಮಾಷೆಯೂ ಇದೆ. ಬೇಂದ್ರೆಯವರ ಮನೆಮಾತು ಮರಾಠಿ. ಮರಾಠಿಯಲ್ಲೂ ಬರೆದವರು. ಅಂದರೆ ಮನೆಮಾತಿನ ಊರಿಗೆ ಹೋಗಿ, ತಾನು ಕಟ್ಟಿಕೊಂಡ ಕನ್ನಡವನ್ನು ಕಲಿಸುವ ಕೆಲಸ. ಚೆನ್ನೈನಲ್ಲಿ ಮಗಳಿಗೆ ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂದು ಹಗ್ಗಜಗ್ಗಾಟ ನಡೆಸುವ ನಮ್ಮಂಥವರಿಗೆ ಇದು ಬಹಳ ಹತ್ತಿರದ್ದು. ಭಾಷೆ ನೆಲದ ಜೊತೆಗೇ ಇರಬೇಕೆಂದು ಅವರು ಹಟ ಹಿಡಿದಿದ್ದರೆ ಸೊಲ್ಲಾಪುರ ಆಗುತ್ತಿರಲಿಲ್ಲ.

ನನಗೆ ಈಗ ಕೊಯಮತ್ತೂರಿನ ಒಂದು ಸಣ್ಣ ಕಂಪನಿಯಿಂದ ಕರೆ ಬಂದಿದೆ. ಹಳೆಯ ಸಂಬಳದ ಮುಕ್ಕಾಲು ಪಾಲು, ಊರು ಹೊಸದು. ನನ್ನಾಕೆಯ ಶಾಲೆ, ಮಗಳ ಶಾಲೆ ಎರಡೂ ಇಲ್ಲಿ. ಊರಿನಲ್ಲಿ ನಮ್ಮಪ್ಪ ಬೆಂಗಳೂರಿನಲ್ಲೇ ನೋಡೋ, ಇಷ್ಟು ದೂರ ಯಾಕೆ ಎನ್ನುತ್ತಾರೆ. ಇನ್ನೂ ತೀರ್ಮಾನವಾಗಿಲ್ಲ, ಹಾಳೆಯ ಮೇಲಿನ ಹನ್ನೊಂದು ತಿಂಗಳಲ್ಲಿ ಆರು ಉಳಿದಿವೆ.

ಬೇಂದ್ರೆ ಸೊಲ್ಲಾಪುರದಲ್ಲಿ ಹನ್ನೆರಡು ವರ್ಷ ಕಲಿಸಿದರು. ಅಲೆದ ವರ್ಷಗಳೂ ಹನ್ನೆರಡು, ಸಂಬಳದ ವರ್ಷಗಳೂ ಹನ್ನೆರಡು. ಅಂಕಿಗಳ ಗೀಳಿದ್ದ ಅವರ ಕಣ್ಣಿಗೆ ಇದು ಬೀಳದೇ ಇರಲಾರದು. ಕೊನೆಗಾಲದಲ್ಲಿ ಅವರನ್ನು ಹಿಡಿದಿದ್ದು 441 ಎಂಬ ಸಂಖ್ಯೆ, ಇಪ್ಪತ್ತೊಂದರ ವರ್ಗ. ಬಂದವರಿಗೆಲ್ಲ ಕಾವ್ಯ ಬಿಟ್ಟು ಗಣಿತ ಹೇಳುತ್ತಿದ್ದರಂತೆ, ಬಂದವರು ತಬ್ಬಿಬ್ಬಾಗುತ್ತಿದ್ದರಂತೆ. ನಾನು ಹೋಗಿದ್ದರೆ ಖುಷಿಯಿಂದ ಕೇಳುತ್ತಿದ್ದೆ.

ಮರ್ಯಾದೆಗಳು ಸಾಲಾಗಿ ಬಂದದ್ದು ನೌಕರಿಯ ವಯಸ್ಸು ದಾಟಿದ ಮೇಲೆ. 1958ರಲ್ಲಿ ಅರಳು ಮರಳು ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ, 1968ರಲ್ಲಿ ಪದ್ಮಶ್ರೀ, 1973ರ ಜ್ಞಾನಪೀಠ ನಾಕುತಂತಿಗೆ. ಆ ಜ್ಞಾನಪೀಠವನ್ನು ಒಡಿಯಾದ ಗೋಪೀನಾಥ ಮೊಹಾಂತಿಯವರ ಜೊತೆ ಹಂಚಿಕೊಂಡರು. 1981ರ ಅಕ್ಟೋಬರ್ 26ರಂದು ತೀರಿಕೊಂಡದ್ದು ಮುಂಬೈಯಲ್ಲಿ.

ಸೊಲ್ಲಾಪುರದ ನೌಕರಿ ಮುಗಿದದ್ದು 1956ರಲ್ಲಿ, ಅವರಿಗೆ ಅರವತ್ತು ತುಂಬಿದ ವರ್ಷ. ಅದೇ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದರು. ಧಾರವಾಡ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಆಚೆಗೇ ಉಳಿಯಿತು. ಬೇಂದ್ರೆ ಸಾಧನಕೇರಿಯ ಮನೆಗೆ ಮರಳಿ, ಆ ವರ್ಷವೇ ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರಾಗಿ ಕೆಲಸಕ್ಕೆ ಸೇರಿದರು.